116 ಕೆ.ಜಿ. ಮೈ, 100 ಕಿಲೋಮೀಟರ್ ದಾರಿ

ಫಾರ್ಮ್ ತುಂಬಿದ್ದು ರಾತ್ರಿ ಹನ್ನೊಂದೂವರೆಗೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ನೆರವಿಗೆ ಹಣ ಕೂಡಿಸಲು 100 ಕಿ.ಮೀ. ಸೈಕಲ್ ಸವಾರಿ. ನನ್ನ ಭಾವ ಆರು ವರ್ಷದಿಂದ ಡಯಾಲಿಸಿಸ್‌ನಲ್ಲಿದ್ದಾರೆ. ಹಾಗಾಗಿ ಹಿಂದೆಮುಂದೆ ನೋಡದೆ ಹೆಸರು ಕೊಟ್ಟೆ. ಹಿಂದೆಮುಂದೆ ನೋಡಿದ್ದು ಮರುದಿನ ಬೆಳಗ್ಗೆ, ತೂಕದ ಯಂತ್ರದ ಮೇಲೆ ನಿಂತಾಗ. 116 ಕೆ.ಜಿ. ವಯಸ್ಸು 43. ಕೊನೆಯ ಸಲ ಸೈಕಲ್ ಹತ್ತಿದ್ದು ಹೈಸ್ಕೂಲಿನಲ್ಲಿ. ಕೈಯಲ್ಲಿ ಉಳಿದದ್ದು 20 ವಾರ.

ಭಾವನಿಗೆ ಹೇಳಿದೆ. ಅವರು ನಗಲಿಲ್ಲ. "ಎಷ್ಟು ಹೊತ್ತಿನ ಕೆಲಸ?" ಅಂದರು. ಗಂಟೆಗೆ 16 ಕಿ.ಮೀ. ಹೋದರೆ ತುಳಿಯೋದಕ್ಕೇ ಆರೂಕಾಲು ಗಂಟೆ, ನಿಲ್ಲೋದೂ ಸೇರಿದರೆ ಏಳೂವರೆ ಅಂತ ಲೆಕ್ಕ ಒಪ್ಪಿಸಿದೆ. "ಹಾಗಾದರೆ ನೀನು ಕಲೀಬೇಕಾದ್ದು ಕೂರೋದನ್ನ. ಅದನ್ನ ನನ್ನ ಕೇಳು. ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ ಒಂದೇ ಕುರ್ಚಿಯಲ್ಲಿ ಕೂತು ಪಳಗಿದೀನಿ" ಅಂದರು.

ಅವರು ತಮಾಷೆಗೇ ಹೇಳಿದ್ದು. ಆದರೆ ನನಗೆ ಸಿಕ್ಕ ನೂರೆಂಟು ಸಲಹೆಗಳಲ್ಲಿ ಕೆಲಸಕ್ಕೆ ಬಂದದ್ದು ಇದೇ. ದಪ್ಪಗಿರುವವರು ಸೈಕಲ್ ಶುರು ಮಾಡಿದಾಗ ಕಾಲು ಅಷ್ಟು ಬೇಗ ಕೈಕೊಡುವುದಿಲ್ಲ. ಇಷ್ಟು ವರ್ಷ ಈ ಮೈ ಹೊತ್ತು ಮೆಟ್ಟಿಲು ಹತ್ತಿದ ಕಾಲು ಅದು, ಬಲ ಇದ್ದೇ ಇರುತ್ತದೆ. ಮೊದಲು ಕೈಕೊಡುವುದು ಕೂರುವ ಜಾಗ. ಆಮೇಲೆ ಅಂಗೈ, ಮೊಣಕಾಲು, ಸೈಕಲ್ಲಿನ ಹಿಂದಿನ ಚಕ್ರ. ಇವು ನಾಲ್ಕನ್ನೂ ಏಳು ಗಂಟೆ ಸಮಾಧಾನದಲ್ಲಿ ಇಟ್ಟರೆ ನೂರು ಕಿಲೋಮೀಟರ್ ತಾನಾಗಿ ಮುಗಿಯುತ್ತದೆ. ನಾನು ಹೇಳುವುದೆಲ್ಲ ಆ ಸಮಾಧಾನದ ವಿಷಯವೇ.

ಮೊದಲು ಡಾಕ್ಟರು

ಇದನ್ನು ಬೇಗ ಮುಗಿಸುತ್ತೇನೆ, ಆದರೆ ನೀವು ಹಾರಿಸಬೇಡಿ. ನಲವತ್ತು ದಾಟಿ, ತೂಕವೂ ಜಾಸ್ತಿ ಇದ್ದು, ವರ್ಷಗಟ್ಟಲೆ ಮೈ ಬಗ್ಗಿಸದೆ ಇದ್ದವರು ಒಂದು ಸಲ ಡಾಕ್ಟರ ಹತ್ತಿರ ಹೋಗಿ "ಹೀಗೆ ಮಾಡಬೇಕು ಅಂತಿದ್ದೇನೆ" ಅಂತ ಹೇಳಲೇಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರಂತೂ ಖಂಡಿತ ಕೇಳಬೇಕು. ಮೂರು ಗಂಟೆ ತುಳಿದಾಗ ಸಕ್ಕರೆ ತೀರಾ ಕೆಳಗಿಳಿಯಬಹುದು. ನನಗೆ ಬಿ.ಪಿ.ಗೆ ಬೀಟಾ ಬ್ಲಾಕರ್ ಮಾತ್ರೆ ಇದೆ. ಅದು ಎದೆಬಡಿತ ಏರದಂತೆ ಹಿಡಿದಿಡುತ್ತದೆ. ಹಾಗಾಗಿ "ನಿಮ್ಮ ವಯಸ್ಸಿಗೆ ಬಡಿತ ಇಷ್ಟಿರಬೇಕು" ಅನ್ನುವ ವಾಚಿನ ಲೆಕ್ಕ ನನಗೆ ಊಟಕ್ಕಿಲ್ಲದ ಉಪ್ಪಿನಕಾಯಿ. ಇದು ಗೊತ್ತಾದದ್ದು ಡಾಕ್ಟರನ್ನು ಕೇಳಿದ್ದಕ್ಕೆ.

ಸೈಕಲ್ ಮೇಲಿರುವಾಗ ಎದೆಯಲ್ಲಿ ಬಿಗಿತ ಅಥವಾ ಭಾರ, ಎಡಗೈಗೋ ದವಡೆಗೋ ಹರಿಯುವ ನೋವು, ತಲೆ ತಿರುಗುವುದು, ನಿಂತರೂ ಇಳಿಯದ ಏದುಸಿರು - ಇವುಗಳಲ್ಲಿ ಯಾವುದೇ ಬಂದರೂ ಅಲ್ಲೇ ನಿಲ್ಲಿಸಿ ಸಹಾಯ ಕೇಳಿ. ಅವತ್ತಿನ ಸವಾರಿ ಅಲ್ಲಿಗೆ ಮುಗಿಯಿತು ಅಂತಲೇ ತಿಳಿಯಿರಿ.

ಸೈಕಲ್: ಕಡ್ಡಿ ಎಣಿಸಿ

ನಾನು ಕೊಂಡದ್ದು ಹಳೆಯ ಸೈಕಲ್. ನೋಡಲು ಚೆನ್ನಾಗಿತ್ತು, ಹಗುರವಾಗಿತ್ತು. ನನ್ನ ತೂಕ ಹೇಳಿದರೂ ಅಂಗಡಿಯವರು "ಏನೂ ಆಗಲ್ಲ" ಅಂದರು. ಎರಡು ತಿಂಗಳು ಏನೂ ಆಗಲಿಲ್ಲ. ಹನ್ನೊಂದನೇ ವಾರದ ಉದ್ದದ ಸವಾರಿಯಲ್ಲಿ, 38ನೇ ಕಿಲೋಮೀಟರಿಗೆ, ಹಿಂದಿನಿಂದ ಟಿಣ್ ಅಂತ ಸದ್ದು. ಯಾರೋ ತಂತಿ ಮೀಟಿದ ಹಾಗೆ. ಇಳಿದು ನೋಡಿದರೆ ಹಿಂದಿನ ಚಕ್ರದ ಒಂದು ಕಡ್ಡಿ ತುಂಡಾಗಿ ನೇತಾಡುತ್ತಿತ್ತು. ಚಕ್ರ ಸೊಟ್ಟಗಾಗಿ ಬ್ರೇಕಿಗೆ ಉಜ್ಜುತ್ತಿತ್ತು. ಮೂರು ಕಿಲೋಮೀಟರ್ ತಳ್ಳಿಕೊಂಡು ಬಂದೆ. ಕಡ್ಡಿ ಹಾಕಿಸಿದೆ. ಎರಡೇ ವಾರಕ್ಕೆ ಪಕ್ಕದ್ದು ಮುರಿಯಿತು.

ಆಗ ಎಣಿಸಿದೆ. 24 ಕಡ್ಡಿ. ನಮ್ಮಂಥವರಿಗೆ ಹಿಂದಿನ ಚಕ್ರಕ್ಕೆ ಕಡಿಮೆ ಅಂದರೂ 32 ಬೇಕು, 36 ಇದ್ದರೆ ಇನ್ನೂ ಒಳ್ಳೆಯದು. ಕೂತಾಗ ಮೈಯ ಭಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಂದಿನ ಚಕ್ರದ ಮೇಲೇ ಬೀಳುತ್ತದೆ. ಜತೆಗೆ ಚೈನಿನ ಎಳೆತವೂ ಅದಕ್ಕೇ. 36 ಕಡ್ಡಿಯ ಚಕ್ರ ಕಟ್ಟಿಸಿದ ಮೇಲೆ ಮತ್ತೆ ಆ ಸದ್ದು ಕೇಳಿಲ್ಲ. ಇಡೀ ತಯಾರಿಯಲ್ಲಿ ಎಲ್ಲಕ್ಕಿಂತ ಸದುಪಯೋಗವಾದ ಹಣ ಅದೇ.

ಕೊಳ್ಳುವ ಮುಂಚೆ ತಯಾರಕರ ಪುಸ್ತಕದಲ್ಲಿ ತೂಕದ ಮಿತಿ ನೋಡಿ. ಆ ಮಿತಿಯಲ್ಲಿ ಸಾಮಾನ್ಯವಾಗಿ ನಿಮ್ಮ ತೂಕ, ಸೈಕಲ್, ಬಾಟಲಿ, ಚೀಲ ಎಲ್ಲವೂ ಸೇರಿರುತ್ತದೆ. ಟಯರು 32 ಮಿ.ಮೀ. ಅಥವಾ ಅದಕ್ಕಿಂತ ಅಗಲ ಇರಲಿ. ಗಾಳಿ ಎಷ್ಟು ಅನ್ನುವುದು ಟಯರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಅಲ್ಲಿರುವ ಮೇಲಿನ ಮಿತಿ ದಾಟಬೇಡಿ, ಆದರೆ ತೆಳ್ಳಗಿರುವವರಿಗಿಂತ ನಮಗೆ ಜಾಸ್ತಿ ಗಾಳಿ ಬೇಕು, ಮುಂದಿನದಕ್ಕಿಂತ ಹಿಂದಿನದಕ್ಕೆ ತುಸು ಜಾಸ್ತಿ. ಗಾಳಿ ಕಡಿಮೆಯಾದರೆ ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಬೀಳುತ್ತದೆ. ಪ್ರತಿ ಸವಾರಿಗೆ ಮುಂಚೆ ಪಂಪಿನ ಮುಳ್ಳು ನೋಡಿ. ಹೆಬ್ಬೆರಳಲ್ಲಿ ಒತ್ತಿ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಇನ್ನು ಗೇರು. ಮುಂದಿನ ಹಲ್ಲುಚಕ್ರಗಳಲ್ಲಿ ಚಿಕ್ಕದರ ಹಲ್ಲು ಎಣಿಸಿ. ಹಿಂದಿನವುಗಳಲ್ಲಿ ದೊಡ್ಡದರ ಹಲ್ಲು ಎಣಿಸಿ. ಹಿಂದಿನದು ಮುಂದಿನದಕ್ಕೆ ಸಮ ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಯಾಕೆ ಅಂತ ಏರು ಬಂದಾಗ ಹೇಳುತ್ತೇನೆ.

ಕೂರುವ ಜಾಗ

ನನ್ನ ಮೊದಲ ತಪ್ಪು ಮೆತ್ತಗಿನ ಸೀಟು. ದಿಂಬಿನ ಹಾಗೆ ದಪ್ಪ, ಒಳಗೆ ಜೆಲ್. ಮೊದಲ ಹತ್ತು ನಿಮಿಷ ಸ್ವರ್ಗ. ನಲವತ್ತನೇ ನಿಮಿಷಕ್ಕೆ ಜೋಮು. ಆಮೇಲೆ ಉರಿ. ನಮಗೆ ಮೈ ಅಗಲ, ಹಾಗಾಗಿ ಸೀಟೂ ಅಗಲ ಇರಬೇಕು ಅಂತ ಅಂದುಕೊಳ್ಳುತ್ತೇವೆ ಅಲ್ವಾ? ಆದರೆ ದಪ್ಪಗಾದರೆ ಅಗಲವಾಗುವುದು ಮಾಂಸ, ಮೂಳೆಯಲ್ಲ. ಸೀಟಿನ ಮೇಲೆ ಭಾರ ಹೊರಬೇಕಾದದ್ದು ಕೆಳಗಿರುವ ಎರಡು ಕೂರುವ ಮೂಳೆ. ಸೀಟು ತೀರಾ ಮೆತ್ತಗಿದ್ದರೆ ಆ ಮೂಳೆಗಳು ಹೂತುಹೋಗಿ, ನಡುವಿನ ಭಾಗ ಉಬ್ಬಿ ಎದ್ದು, ಒತ್ತಬಾರದ ಜಾಗಕ್ಕೆ ಒತ್ತುತ್ತದೆ. ಜೋಮು ಬರುವುದು ಅದಕ್ಕೆ.

ಅಳತೆ ಮನೆಯಲ್ಲೇ ತೆಗೆಯಬಹುದು. ಪಾರ್ಸೆಲ್ ಬರುವ ರಟ್ಟಿನ ಪೆಟ್ಟಿಗೆ, ಒಳಗೆ ಅಲೆ ಅಲೆ ಇರುತ್ತದಲ್ಲ, ಅದರ ಒಂದು ಹಾಳೆ ಕತ್ತರಿಸಿ. ಗಟ್ಟಿ ಮೆಟ್ಟಿಲ ಮೇಲಿಟ್ಟು, ತೆಳು ಬಟ್ಟೆಯಲ್ಲಿ ಅದರ ಮೇಲೆ ಕೂತುಕೊಳ್ಳಿ. ಹಿಮ್ಮಡಿ ಎತ್ತಿ, ಸ್ವಲ್ಪ ಮುಂದಕ್ಕೆ ಬಾಗಿ, ಒಂದು ನಿಮಿಷ ಹಾಗೇ ಇರಿ. ಎದ್ದು ನೋಡಿದರೆ ಎರಡು ಗುಳಿ. ಕಣ್ಣಿಗೆ ಕಾಣದಿದ್ದರೆ ಬೆರಳಾಡಿಸಿ, ಸಿಗುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಿರಿ. ನನ್ನದು 13 ಸೆಂ.ಮೀ. ಅದಕ್ಕೆ ಎರಡರಿಂದ ಮೂರು ಸೆಂಟಿಮೀಟರ್ ಸೇರಿಸಿದರೆ ಸೀಟಿನ ಅಗಲ. ನಾನು 15.5 ಸೆಂ.ಮೀ.ನದು ಹಾಕಿಸಿದೆ. ಗಟ್ಟಿ, ನಡುವೆ ಸೀಳಿದ ಹಳ್ಳ. ಮೊದಲ ಎರಡು ವಾರ ಮೂಳೆ ನೋಯುತ್ತದೆ. ಅದು ಅಭ್ಯಾಸದ ನೋವು, ಹೋಗುತ್ತದೆ. ಜೋಮು ಅಭ್ಯಾಸವಾಗುವುದಿಲ್ಲ. ಜೋಮು ಹಿಡಿದರೆ ಸೀಟು ಬದಲಿಸಿ ಅಥವಾ ಅದರ ಮೂತಿ ಒಂದು ಚೂರು ಕೆಳಗಿಳಿಸಿ.

ಸ್ಪಂಜು ಹೊಲಿದ ಸೈಕಲ್ ಚಡ್ಡಿ ಬೇಕೇ ಬೇಕು. ಅದರೊಳಗೆ ಇನ್ನೊಂದು ಚಡ್ಡಿ ಹಾಕಬಾರದು. ಇದನ್ನು ನನಗೆ ಯಾರೂ ಹೇಳಲಿಲ್ಲ. ಮೂರು ವಾರ ಒಳಗೊಂದು ಹೊರಗೊಂದು ಹಾಕಿಕೊಂಡು ಹೋದೆ. ಹೊಲಿಗೆ ಉಜ್ಜಿ ಉಜ್ಜಿ ತೊಡೆಸಂದಿ ಕೆಂಪಾಗಿ, ಆಫೀಸಿನಲ್ಲಿ ಕಾಲಗಲಿಸಿ ನಡೆಯುವ ಸ್ಥಿತಿ ಬಂತು. "ಏನಾಯಿತು?" ಅಂತ ಕೇಳಿದವರಿಗೆಲ್ಲ ಬೆನ್ನುನೋವು ಅಂದೆ. ಒಂದೇ ಚಡ್ಡಿ, ತೊಡೆ ಉಜ್ಜುವ ಕಡೆ ಧಾರಾಳವಾಗಿ ಕ್ರೀಮು. ಮನೆಗೆ ಬಂದ ಕೂಡಲೇ ಬಿಚ್ಚಿ ಒಗೆಯಿರಿ. ಬೆವರಿನ ಚಡ್ಡಿಯಲ್ಲಿ ಕೂತು ಫೋನ್ ನೋಡುತ್ತಿದ್ದರೆ ಗುಳ್ಳೆ ಏಳುತ್ತವೆ.

ಸೀಟಿನ ಎತ್ತರಕ್ಕೆ ಸುಲಭದ ಲೆಕ್ಕ: ಗೋಡೆ ಹಿಡಿದು ಸೀಟಿನಲ್ಲಿ ಕೂತು, ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟರೆ ಮೊಣಕಾಲು ಬೇಕಾದಷ್ಟೇ ಮಡಚುತ್ತದೆ. ಹೊಸಬರು ನೆಲಕ್ಕೆ ಎರಡೂ ಕಾಲು ಸಿಗಲಿ ಅಂತ ಸೀಟು ತಗ್ಗಿಸಿಕೊಳ್ಳುತ್ತಾರೆ. ನಾನೂ ಹಾಗೇ ಮಾಡಿದ್ದೆ. ಮೊಣಕಾಲಿನ ಮುಂಭಾಗ ಹಿಡಿದುಕೊಂಡಿತು. ಮುಂಭಾಗ ನೋವು ಬಂದರೆ ಸಾಮಾನ್ಯವಾಗಿ ಸೀಟು ತಗ್ಗು, ಹಿಂಭಾಗ ನೋವು ಬಂದರೆ ಸೀಟು ಎತ್ತರ. ಬದಲಿಸುವಾಗ ಒಂದೇ ಸಲ ಜಾಸ್ತಿ ಬೇಡ, ನಾಲ್ಕೈದು ಮಿಲಿಮೀಟರ್ ಸಾಕು. ನಾನು ಸೀಟಿನ ಕಂಬಕ್ಕೆ ಕೆಂಪು ಟೇಪು ಸುತ್ತಿ ಗುರುತು ಮಾಡಿದ್ದೆ. ಧೈರ್ಯ ಬಂದ ಹಾಗೆಲ್ಲ ಟೇಪು ಮೇಲೇರಿತು.

ಹೊಟ್ಟೆಯ ವಿಷಯವನ್ನೂ ನೇರವಾಗಿ ಹೇಳಿಬಿಡುತ್ತೇನೆ. ಬಾಗಿದಾಗ ತೊಡೆ ಬಂದು ಹೊಟ್ಟೆಗೆ ಬಡಿಯುತ್ತದೆ. ಉಸಿರು ಕಟ್ಟುತ್ತದೆ. ಮೊಣಕಾಲು ತಾನಾಗಿ ಹೊರಗೆ ತಿರುಗಿ ನೋಯುತ್ತದೆ. ಹ್ಯಾಂಡಲ್ ಎತ್ತರಿಸಿದರೆ ಇವೆಲ್ಲ ಒಟ್ಟಿಗೆ ಸರಿಹೋಗುತ್ತವೆ. ಸೀಟಿನ ಮಟ್ಟಕ್ಕೆ, ಬೇಕಿದ್ದರೆ ಅದಕ್ಕಿಂತ ಮೇಲಕ್ಕೆ. ರೇಸಿನವರ ಹಾಗೆ ಕಾಣುವುದಿಲ್ಲ ಅನ್ನುವ ಚಿಂತೆ ಬಿಡಿ, ಹೇಗೂ ಕಾಣುವುದಿಲ್ಲ. ಅಂಗೈಗೆ ಮೆತ್ತೆಯ ಗ್ಲೌಸು ಹಾಕಿ, ಮೊಣಕೈ ಸಡಿಲವಾಗಿಡಿ, ಐದು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿ. ಕಿರುಬೆರಳು ಮರಗಟ್ಟಿದರೆ ಅಂಗೈಯ ಅಂಚಿನ ನರ ಒತ್ತುತ್ತಿದೆ ಅಂತ ಅರ್ಥ.

20 ವಾರ

ನಾನು ಕಿಲೋಮೀಟರ್ ಲೆಕ್ಕ ಬಿಟ್ಟು ನಿಮಿಷದ ಲೆಕ್ಕ ಹಿಡಿದೆ. ಎದುರುಗಾಳಿಯ ದಿನ, ಏರಿನ ದಿನ ಕಿಲೋಮೀಟರ್ ನೋಡಿದರೆ ಅಳು ಬರುತ್ತದೆ. ನಿಮಿಷ ಯಾರಿಗೂ ಮೋಸ ಮಾಡುವುದಿಲ್ಲ. ವಾರಕ್ಕೆ ಮೂರು ಸವಾರಿ. ಎರಡು ಚಿಕ್ಕವು, ಅರ್ಧ ಗಂಟೆಯಿಂದ ಶುರುವಾಗಿ ಕೊನೆಗೆ ಒಂದು ಗಂಟೆ. ಒಂದು ಉದ್ದದ್ದು, ರಜೆಯ ದಿನ.

ಉದ್ದದ ಸವಾರಿ ಹೀಗೆ ಬೆಳೆಯಿತು. ಮೊದಲ ವಾರ 30 ನಿಮಿಷ, ಆಮೇಲೆ 45, ಆಮೇಲೆ 60. ನಾಲ್ಕನೇ ವಾರ ಹಿಂದಕ್ಕೆ, 45. ಮತ್ತೆ 75, 90, 105, ಹಿಂದಕ್ಕೆ 75. ಮತ್ತೆ 120, 135, 150, ಹಿಂದಕ್ಕೆ 105. ಅಲ್ಲಿಂದ ಹೆಜ್ಜೆ ದೊಡ್ಡದು: ಮೂರು ಗಂಟೆ, ಮೂರೂವರೆ, ನಾಲ್ಕು, ಹಿಂದಕ್ಕೆ ಎರಡೂವರೆ. ಹದಿನೇಳನೇ ವಾರ ನಾಲ್ಕೂವರೆ, ಹದಿನೆಂಟನೇ ವಾರ ಐದು ಗಂಟೆ. ನನ್ನ ವೇಗಕ್ಕೆ ಅದು ಸುಮಾರು 80 ಕಿ.ಮೀ. ಹತ್ತೊಂಬತ್ತನೇ ವಾರ ಎರಡೇ ಗಂಟೆ. ಇಪ್ಪತ್ತನೇ ವಾರ ಆ ದಿನ. ಪೂರ್ತಿ ನೂರನ್ನು ಮೊದಲೇ ತುಳಿದು ನೋಡುವ ಅಗತ್ಯ ಇಲ್ಲ. ಎಂಬತ್ತು ತುಳಿದ ಮೈ ಇನ್ನಿಪ್ಪತ್ತನ್ನು ಜನರ ಗದ್ದಲದಲ್ಲಿ ತುಳಿದುಬಿಡುತ್ತದೆ.

ನಾಲ್ಕು ವಾರಕ್ಕೊಮ್ಮೆ ಹಿಂದಕ್ಕೆ ಬರುವುದು ಸೋಮಾರಿತನ ಅನ್ನಿಸುತ್ತದೆ. ಎಂಟನೇ ವಾರ ನಾನು ಹುಮ್ಮಸ್ಸಿನಲ್ಲಿ 75ರ ಬದಲು 120 ನಿಮಿಷ ಹೋದೆ. ಮುಂದಿನ ಹತ್ತು ದಿನ ಮೊಣಕಾಲಿಗೆ ಐಸು. ಉಸಿರು ವಾರಗಳಲ್ಲಿ ಸುಧಾರಿಸುತ್ತದೆ, ಕೀಲು ಮತ್ತು ಸ್ನಾಯುಬಂಧಕ್ಕೆ ತಿಂಗಳುಗಳು ಬೇಕು. ಉಸಿರಿನ ಮಾತು ಕೇಳಿದರೆ ಮೊಣಕಾಲು ದಂಡ ಕಟ್ಟುತ್ತದೆ.

ವೇಗ? ನಾಚಿಕೆಯಾಗುವಷ್ಟು ನಿಧಾನ. ನನ್ನ ಅಳತೆಗೋಲು ಹದಿಮೂರರ ಮಗ್ಗಿ. ತುಳಿಯುತ್ತಾ ಜೋರಾಗಿ ಹೇಳುವುದು. ಒಂದೊಂದು ಸಾಲನ್ನೂ ಒಂದೇ ಉಸಿರಿನಲ್ಲಿ ಹೇಳಲು ಬಂದರೆ ವೇಗ ಸರಿ. ಹದಿಮೂರಾರಲ ಎಷ್ಟು ಅಂತ ಮರೆತರೆ ಪರವಾಗಿಲ್ಲ, ಅದು ನನಗೆ ಮನೆಯಲ್ಲೂ ಮರೆಯುತ್ತದೆ. ಸಾಲಿನ ನಡುವೆ ಏದುಸಿರು ಬಂದರೆ ಗೇರು ಇಳಿಸಿ. ದಾರಿಯಲ್ಲಿ ಒಂದು ಸಲ ಶಾಲೆಯ ಹುಡುಗರಿಬ್ಬರು ನನ್ನನ್ನು ಹಿಂದೆ ಹಾಕಿ ಹೋಗುವಾಗ ಮಗ್ಗಿ ಕೇಳಿ ನಕ್ಕರು. ನಗಲಿ.

ಕಾಲು ಹಗುರವಾಗಿ, ಬೇಗ ಬೇಗ ತಿರುಗಬೇಕು. ಬಲ ಮೊಣಕಾಲು 15 ಸೆಕೆಂಡಿನಲ್ಲಿ ಎಷ್ಟು ಸಲ ಮೇಲೆ ಬಂತು ಎಣಿಸಿ. ಹದಿನೆಂಟರಿಂದ ಇಪ್ಪತ್ತು ಬಂದರೆ ಚೆನ್ನ. ಹನ್ನೆರಡು ಬಂದರೆ ಗಟ್ಟಿ ಗೇರಿನಲ್ಲಿ ಮೊಣಕಾಲು ಅರೆಯುತ್ತಿದ್ದೀರಿ. ವಾರದಲ್ಲಿ ಎರಡು ದಿನ ಹತ್ತು ಹದಿನೈದು ನಿಮಿಷ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಮಲಗಿ ಸೊಂಟ ಎತ್ತುವುದು ಮಾಡಿ. ಬೆನ್ನಿಗೆ ತುಂಬಾ ಸಹಾಯ.

ಮೂರು ಗಂಟೆ ದಾಟಿದ ಮೇಲೆ ಕಷ್ಟ ಬರುವುದು ತಲೆಗೆ. "ಇನ್ನೂ ಎರಡು ಗಂಟೆ" ಅನ್ನುವ ಯೋಚನೆಯೇ ಕಾಲಿಗೆ ಕಲ್ಲು ಕಟ್ಟುತ್ತದೆ. ಭಾವನ ಉಪಾಯ ಇಲ್ಲಿ ಕೆಲಸಕ್ಕೆ ಬಂತು. "ನಾಲ್ಕು ಗಂಟೆ ಅಂತ ನಾನು ಯಾವತ್ತೂ ಕೂತಿಲ್ಲ. ಅರ್ಧ ಗಂಟೆ ಅಂತ ಕೂರ್ತೀನಿ, ಎಂಟು ಸಲ" ಅಂದಿದ್ದರು. ಅವರು ಪ್ರತಿ ಅರ್ಧ ಗಂಟೆಗೆ ಒಂದು ಕೆಲಸ ಇಟ್ಟುಕೊಳ್ಳುತ್ತಾರೆ: ಪೇಪರು, ಹಾಡು, ನಿದ್ದೆ, ನರ್ಸ್ ಜತೆ ಹರಟೆ. ನಾನು ಹಾಗೇ ಮಾಡಿದೆ. ಅರ್ಧ ಗಂಟೆಗೊಮ್ಮೆ ಪೆಡಲ್ ಮೇಲೆ ನಿಂತು ಇಪ್ಪತ್ತು ಎಣಿಸುವುದು, ಕೂರುವ ಜಾಗಕ್ಕೆ ರಕ್ತ ಹರಿಯಲಿ ಅಂತ. ಆಮೇಲೆ ಒಂದೆರಡು ತುತ್ತು. ಆಮೇಲೆ ಮುಂದಿನ ಅರ್ಧ ಗಂಟೆ.

ಏರು

ಏರಿನಲ್ಲಿ ಮಾತ್ರ ತೂಕ ನಿಜವಾಗಿ ಲೆಕ್ಕಕ್ಕೆ ಬರುತ್ತದೆ. ಸಮತಟ್ಟಿನಲ್ಲಿ ವೇಗ ಹೆಚ್ಚಿದಂತೆ ನಾವು ಮುಖ್ಯವಾಗಿ ಗಾಳಿಯನ್ನು ತಳ್ಳುತ್ತೇವೆ. ಅಲ್ಲಿ ತೆಳ್ಳಗಿನವರ ಜತೆ ಹೇಗೋ ಹೋಗಬಹುದು. ಏರಿನಲ್ಲಿ ಪ್ರತಿ ಕಿಲೋವನ್ನೂ ಎತ್ತಬೇಕು.

ಎರಡೂವರೆ ಕಿಲೋಮೀಟರ್ ಉದ್ದದ, ನೂರಕ್ಕೆ ನಾಲ್ಕರ ಏರು ಅಂತ ಇಟ್ಟುಕೊಳ್ಳಿ. ತುದಿಗೆ ಹೋದರೆ 100 ಮೀಟರ್ ಎತ್ತರ. ನಾನು, ಸೈಕಲ್, ನೀರು, ಸಾಮಾನು ಸೇರಿ 132 ಕೆ.ಜಿ. ಹತ್ತು ನಿಮಿಷದಲ್ಲಿ ಹತ್ತಬೇಕಾದರೆ ಬರೀ ಎತ್ತುವ ಕೆಲಸಕ್ಕೇ ಸುಮಾರು 215 ವ್ಯಾಟ್ ಬೇಕು. ಸೈಕಲ್ ಸೇರಿ 80 ಕೆ.ಜಿ. ತೂಗುವ ಗೆಳೆಯನಿಗೆ 130 ಸಾಕು. ನಾನು ಅವನ ಜತೆ ಹೋಗಲು ನೋಡಿದರೆ ಅರ್ಧಕ್ಕೇ ನಾಲಿಗೆ ಹೊರಗೆ. ಅದೇ ಏರನ್ನು ಇಪ್ಪತ್ತು ನಿಮಿಷದಲ್ಲಿ ಹತ್ತಿದರೆ ನನಗೂ ಸುಮಾರು 108 ವ್ಯಾಟ್ ಸಾಕು. ಅದು ಮಗ್ಗಿ ಹೇಳಿಕೊಂಡು ಹತ್ತಬಹುದಾದ ಲೆಕ್ಕ. ವೇಗ ಗಂಟೆಗೆ ಏಳೂವರೆ ಕಿ.ಮೀ.

ಗೇರಿನ ವಿಷಯ ಇಲ್ಲಿ ಬರುತ್ತದೆ. ಮುಂದೆ ಹಿಂದೆ ಹಲ್ಲು ಸಮ ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು. ಅಂದರೆ ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ. ನಿಮಿಷಕ್ಕೆ 60 ಸುತ್ತು ಹಾಕಿದರೆ ಹೆಚ್ಚುಕಡಿಮೆ ಅದೇ ಏಳೂವರೆ ಕಿ.ಮೀ. ವೇಗ. ಮುಂದಿನದು ಹಿಂದಿನದರ ಒಂದೂವರೆ ಪಟ್ಟು ಇದ್ದರೆ, ಅದೇ ವೇಗದಲ್ಲಿ ಕಾಲು ನಿಮಿಷಕ್ಕೆ 40 ಸಲ ಮಾತ್ರ ತಿರುಗುತ್ತದೆ. ಪ್ರತಿ ಸಲವೂ ಮೊಣಕಾಲಿಗೆ ಗುದ್ದು. ಹಲ್ಲು ಎಣಿಸಿ ಅಂದದ್ದು ಅದಕ್ಕೇ. ಏರು ಶುರುವಾಗುವ ಮುಂಚೆಯೇ ಗೇರು ಇಳಿಸಿ. ಅರ್ಧದಲ್ಲಿ ಭಾರ ಹಾಕಿ ಬದಲಿಸಿದರೆ ಚೈನು ಕಟಕಟ ಅಂದು ಹಾರುತ್ತದೆ. ಇಳಿದು ತಳ್ಳುವುದೂ ಸವಾರಿಯೇ. ಐದು ನಿಮಿಷ ನಡೆದರೆ ಕೂರುವ ಜಾಗಕ್ಕೆ ಬಿಡುವೂ ಸಿಕ್ಕ ಹಾಗಾಯಿತು.

ಇಳಿಜಾರಿನಲ್ಲಿ ತೂಕ ನಮ್ಮನ್ನು ನೂಕುತ್ತದೆ. ಖುಷಿಯ ವಿಷಯವೇ, ಆದರೆ ನಿಲ್ಲಿಸುವುದು ಕಷ್ಟ. ಎಲ್ಲರಿಗಿಂತ ಮೊದಲೇ, ಎರಡೂ ಬ್ರೇಕು ಹಿಡಿಯಿರಿ, ಮೈ ಸ್ವಲ್ಪ ಹಿಂದಕ್ಕೆ ಸರಿಸಿ. ರಿಮ್ಮಿಗೆ ಕಚ್ಚುವ ಬ್ರೇಕಾದರೆ ಉದ್ದಕ್ಕೂ ಒತ್ತಿಕೊಂಡೇ ಇಳಿಯಬೇಡಿ. ರಿಮ್ಮು ಕಾದು ಟ್ಯೂಬು ಸಿಡಿಯಬಹುದು. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಿರಿ. ಬ್ರೇಕಿನ ರಬ್ಬರು ನಮಗೆ ಬೇಗ ಸವೆಯುತ್ತದೆ, ತಿಂಗಳಿಗೊಮ್ಮೆ ನೋಡಿ.

ತಿನ್ನುವುದು, ಕುಡಿಯುವುದು

ಇಲ್ಲಿ ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ಕೆಟ್ಟೆ. ಹೇಗೂ ಸೈಕಲ್ ತುಳಿಯುತ್ತಿದ್ದೇನೆ, ತಿನ್ನದೆ ಹೋದರೆ ಕೊಬ್ಬು ಕರಗುತ್ತದೆ ಅಂದುಕೊಂಡೆ. ಹದಿನೈದನೇ ವಾರ, ನಾಲ್ಕು ಗಂಟೆಯ ಸವಾರಿ. ಬೆಳಗ್ಗೆ ಬರೀ ಕಾಫಿ ಕುಡಿದು ಹೊರಟೆ. ಜೇಬಿನಲ್ಲಿ ಎರಡು ಬಾಳೆಹಣ್ಣು ಇತ್ತು, ಮುಟ್ಟಲಿಲ್ಲ. ಮೂರು ಗಂಟೆಯ ಹತ್ತಿರ ಇದ್ದಕ್ಕಿದ್ದಂತೆ ರಸ್ತೆ ದೂರವಾದ ಹಾಗಾಯಿತು. ಕೈ ನಡುಕ. ಬ್ರೇಕಿಗೆ ಯಾವ ಬೆರಳು ಅಂತ ಯೋಚಿಸಬೇಕಾಯಿತು. ಇಳಿದು ಮೈಲಿಗಲ್ಲಿನ ಮೇಲೆ ಕೂತೆ. ಬಾಳೆಹಣ್ಣಿನ ಸಿಪ್ಪೆ ಬಿಡಿಸಲು ಎರಡು ಸಲ ಪ್ರಯತ್ನ ಪಟ್ಟದ್ದು ನೆನಪಿದೆ. ತಿಂದು ಇಪ್ಪತ್ತು ನಿಮಿಷಕ್ಕೆ ಲೋಕ ಮತ್ತೆ ಬಣ್ಣಕ್ಕೆ ಬಂತು. ಹೊಟ್ಟೆಯ ಸುತ್ತ ಅಷ್ಟೊಂದು ಕೊಬ್ಬು ಇದ್ದೂ ಹಸಿವಿನಿಂದ ಬೀಳುವುದಾ ಅಂತ ಅವಮಾನವಾಯಿತು. ವಿಷಯ ಏನೆಂದರೆ, ಕೊಬ್ಬು ನಿಧಾನ ಉರಿಯುವ ಸೌದೆ. ಸ್ನಾಯು ಮತ್ತು ಯಕೃತ್ತಿನಲ್ಲಿರುವ ಸಕ್ಕರೆಯ ದಾಸ್ತಾನು ಒಂದೂವರೆ ಎರಡು ಗಂಟೆಯ ಗಟ್ಟಿ ಕೆಲಸಕ್ಕೆ ಬರಿದಾಗುತ್ತ ಬರುತ್ತದೆ. ಅದು ಮುಗಿದರೆ ಕೊಬ್ಬು ಎಷ್ಟಿದ್ದರೂ ಗಾಡಿ ಓಡುವುದಿಲ್ಲ.

ಒಂದೂವರೆ ಗಂಟೆ ದಾಟುವ ಯಾವ ಸವಾರಿಯಲ್ಲೂ ಮೊದಲ ಅರ್ಧ ಮುಕ್ಕಾಲು ಗಂಟೆಯೊಳಗೇ ತಿನ್ನಲು ಶುರು ಮಾಡಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ 25 ಗ್ರಾಂ ಹತ್ತಿರ ಇರುತ್ತದೆ. ಹಸಿವಾದ ಮೇಲೆ ತಿಂದರೆ ತಡವಾಯಿತು ಅಂತಲೇ ಲೆಕ್ಕ. ತೂಕ ಇಳಿಸುವ ಕೆಲಸ ಇದ್ದರೆ ಸೈಕಲ್ ಹತ್ತದ ದಿನ, ಊಟದ ತಟ್ಟೆಯ ಮುಂದೆ ಇಟ್ಟುಕೊಳ್ಳಿ. ವಾಚು ತೋರಿಸುವ ಕ್ಯಾಲರಿ ನಂಬಿ ಎರಡನೇ ಸಲ ಬಡಿಸಿಕೊಂಡರೆ 20 ವಾರದಲ್ಲಿ ತೂಕ ಏರುತ್ತದೆ. ಇದೂ ಸ್ವಂತ ಅನುಭವ. ಕೊನೆಗೆ ನಾನು ಇಳಿಸಿದ್ದು ಆರೇ ಕೆ.ಜಿ.

ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಬಿಸಿಲಿಗೆ ತಕ್ಕ ಹಾಗೆ. ಕಾಲು ಗಂಟೆಗೊಮ್ಮೆ ಗುಟುಕು. ನಿಮ್ಮ ಮೈಗೆ ಎಷ್ಟು ಬೇಕು ಅಂತ ತಿಳಿಯಲು ಹೋಗುವ ಮುಂಚೆ ಮತ್ತು ಬಂದ ಮೇಲೆ ಬರಿಮೈಯಲ್ಲಿ ತೂಕ ನೋಡಿ. ಒಂದು ಕೆ.ಜಿ. ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು ತುಂಬಿಕೊಂಡಿಲ್ಲ ಅಂತ. ತೂಕ ಏರಿದ್ದರೆ ಜಾಸ್ತಿ ಕುಡಿದಿದ್ದೀರಿ. ಗಂಟೆಗಟ್ಟಲೆ ಬರೀ ನೀರು ಸುರಿದುಕೊಂಡರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಜೀವಕ್ಕೇ ಅಪಾಯವಾಗಬಹುದು. ಎರಡು ಬಾಟಲಿಯಲ್ಲಿ ಒಂದಕ್ಕೆ ಉಪ್ಪು ಸಕ್ಕರೆ ಬೆರೆಸಿ. ಬಿ.ಪಿ. ಅಥವಾ ಕಿಡ್ನಿ ತೊಂದರೆ ಇದ್ದರೆ ಉಪ್ಪಿನ ವಿಷಯ ಡಾಕ್ಟರನ್ನು ಕೇಳಿಯೇ ಮಾಡಿ.

ಪಂಕ್ಚರು ಮತ್ತು ಆ ದಿನ

ಟ್ಯೂಬು ಬದಲಿಸುವುದನ್ನು ಮನೆಯಲ್ಲಿ ಕಲಿಯಿರಿ. ರಸ್ತೆ ಬದಿಯಲ್ಲಿ ಕಲಿಯುವುದು ಯುದ್ಧಕಾಲೇ ಶಸ್ತ್ರಾಭ್ಯಾಸ. ಮೊದಲ ಸಲ ನನಗೆ 47 ನಿಮಿಷ ಹಿಡಿಯಿತು, ಬೆರಳೂ ಕೆತ್ತಿತು. ನಾಲ್ಕನೇ ಸಲ ಹನ್ನೆರಡು. ಹಿಂದಿನ ಚಕ್ರದಲ್ಲೇ ಅಭ್ಯಾಸ ಮಾಡಿ, ಪಂಕ್ಚರಾಗುವುದು ಹೆಚ್ಚಾಗಿ ಅದೇ. ಹೊಸ ಟ್ಯೂಬು ಹಾಕುವ ಮುಂಚೆ ಟಯರಿನ ಒಳಗೆ ಬೆರಳಾಡಿಸಿ ಮುಳ್ಳು ತೆಗೆಯುವುದನ್ನು ಮರೆಯಬೇಡಿ. ನಾನು ಒಂದು ಸಲ ಮರೆತೆ.

ಹಣ ಕೇಳುವುದನ್ನು ಮೊದಲ ತಿಂಗಳೇ ಶುರು ಮಾಡಿ. ನನಗೆ ಸಂಕೋಚ. ಆದರೆ "ಈ ವಾರ ಕಡ್ಡಿ ಮುರೀತು, ಮೂರು ಕಿಲೋಮೀಟರ್ ತಳ್ಳಿದೆ" ಅಂತ ಬರೆದ ದಿನವೇ ಎಲ್ಲಕ್ಕಿಂತ ಜಾಸ್ತಿ ಜನ ಕೊಟ್ಟರು. ಇಷ್ಟು ಜನಕ್ಕೆ ಹೇಳಿಕೊಂಡ ಮೇಲೆ ಬಿಡುವ ದಾರಿಯೂ ಮುಚ್ಚಿತು.

ಆಯೋಜಕರು ಎಷ್ಟು ಗಂಟೆಗೆ ರಸ್ತೆ ಮುಚ್ಚುತ್ತಾರೆ, ನೀರಿನ ನಿಲುಗಡೆ ಎಲ್ಲೆಲ್ಲಿ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಆ ದಿನ ಹೊಸದು ಯಾವುದೂ ಬೇಡ. ಹೊಸ ಚಡ್ಡಿ, ಹೊಸ ತಿಂಡಿ, ಹೊಸ ಸೀಟು, ಯಾವುದೂ. ಗುಂಪಿನ ಕೊನೆಯಲ್ಲಿ ಹೊರಡಿ. ಮೊದಲ ಗಂಟೆ ಎಲ್ಲರೂ ಹಾರುತ್ತಾರೆ, ನಮ್ಮ ಕಾಲೂ ಹಾರಲು ನೋಡುತ್ತದೆ. ಆಗ ಮಗ್ಗಿ ಹೇಳಿ. ನೇರ ಗೆರೆಯಲ್ಲಿ ಹೋಗಿ, ಮುಂದಿನವರ ಚಕ್ರಕ್ಕೆ ತಾಗಿಕೊಂಡು ಹೋಗಬೇಡಿ, ನಿಲ್ಲುವ ಮುಂಚೆ ಕೂಗಿ ಹೇಳಿ. ನಿಲುಗಡೆಯಲ್ಲಿ ಹತ್ತು ನಿಮಿಷಕ್ಕಿಂತ ಜಾಸ್ತಿ ಕೂರಬೇಡಿ, ಕಾಲು ಮರಗಟ್ಟುತ್ತದೆ. ಮರುದಿನ ಪೂರ್ತಿ ಮಲಗುವ ಬದಲು ಇಪ್ಪತ್ತು ನಿಮಿಷ ನಡೆಯಿರಿ.

ನನಗೆ 91ನೇ ಕಿಲೋಮೀಟರಿನಲ್ಲಿ ಎಡತೊಡೆ ಹಿಡಿದುಕೊಂಡಿತು. ಇಳಿದು ಎಂಟು ನಿಮಿಷ ನಡೆದೆ. ಹಿಂದೆ ಬಿದ್ದವರನ್ನು ಹತ್ತಿಸಿಕೊಂಡು ಹೋಗುವ ವ್ಯಾನು ಪಕ್ಕಕ್ಕೆ ಬಂದು "ಹತ್ತುತ್ತೀರಾ ಸಾರ್?" ಅಂತ ಕೇಳಿತು. "ಇನ್ನರ್ಧ ಗಂಟೆ ಬಿಟ್ಟು ಕೇಳಿ" ಅಂದೆ. ಅರ್ಧ ಗಂಟೆಯಾದಾಗ ಕೊನೆಯ ತಿರುವು ಕಾಣುತ್ತಿತ್ತು.

ಭಾವ ಅವತ್ತು ಡಯಾಲಿಸಿಸ್ ಇಲ್ಲದ ದಿನ ಅಂತ ಬಂದಿದ್ದರು. ಮಡಚುವ ಕುರ್ಚಿ ಹಾಕಿಕೊಂಡು ಗೆರೆಯ ಪಕ್ಕ ಕೂತಿದ್ದರು. "ಎಷ್ಟು ಹೊತ್ತಾಯಿತು?" ಅಂದರು. ಏಳು ಗಂಟೆ ಐವತ್ತು ನಿಮಿಷ ಅಂದೆ. ಎದ್ದು ನಿಂತು ಕುರ್ಚಿಯನ್ನು ನನ್ನ ಕಡೆ ಸರಿಸಿದರು.

"ಬೇಡ ಭಾವ, ನೀವೇ ಕೂತ್ಕೊಳ್ಳಿ. ನಾನು ಸ್ವಲ್ಪ ಹೊತ್ತು ನಿಂತಿರ್ತೀನಿ."